ಹೊರಗೆ 43 ಡಿಗ್ರಿ, ಒಳಗೆ 37: ದೇಹ ತನ್ನ ಹದ ಕಾಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರಾಯಚೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ದೇಹದ ಪಾಠ ಬಂತೆಂದರೆ ಮಕ್ಕಳ ಪ್ರಶ್ನೆಗಳು ಮುಗಿಯುವುದೇ ಇಲ್ಲ. ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳುತ್ತಾರೆ, ಮರುದಿನ ಅವರ ಪ್ರಶ್ನೆಯನ್ನೂ ಹೊತ್ತು ತರುತ್ತಾರೆ. ವರ್ಷಾ ವರ್ಷಾ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ಕಾಯಿಲೆ, ಮಾತ್ರೆಯ ವಿಷಯಕ್ಕೆ ನಿಮ್ಮ ಡಾಕ್ಟರನ್ನೇ ಕೇಳಿ. ಮೈ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ದೇಹದ ಹದ ಅಂದರೆ ಏನು?

ಅನ್ನದ ಹದ, ಹಿಟ್ಟಿನ ಹದ, ಬಿತ್ತನೆಗೆ ಮಣ್ಣಿನ ಹದ ಅಂತೀವಲ್ಲ, ಹಾಗೇ. ಜಾಸ್ತಿಯೂ ಇರಬಾರದು, ಕಡಿಮೆಯೂ ಇರಬಾರದು. ನಮ್ಮ ಜೀವಕೋಶಗಳಿಗೂ ಇಂಥ ಹದ ಬೇಕು. ಒಳಗಿನ ಬಿಸಿ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಬರೀ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಡೆಸಿಲೀಟರಿಗೆ 70ರಿಂದ 100 ಮಿಲಿಗ್ರಾಂ ಇರಬೇಕು. ರಕ್ತದ ಪಿಎಚ್, ಅಂದರೆ ಆಮ್ಲ ಎಷ್ಟು ಕ್ಷಾರ ಎಷ್ಟು ಅನ್ನುವ ಅಳತೆ, 7.35ರಿಂದ 7.45ರ ಒಳಗೇ ಇರಬೇಕು. ಈ ಕೊನೆಯ ಸಂಖ್ಯೆ ನೋಡಿ, ಎಷ್ಟು ಚಿಕ್ಕ ಕಿಂಡಿ! ನೀವು ನಿಂಬೆಹಣ್ಣು ತಿನ್ನಿ, ನಡೆದಾಡಿ, ಮಲಗಿ, ರಕ್ತ ಆ ಕಿಂಡಿ ಬಿಟ್ಟು ಹೊರಗೆ ಹೋಗುವುದಿಲ್ಲ.

ಹೊರಗಿನ ಜಗತ್ತು ಹೇಗೇ ಬದಲಾದರೂ ಒಳಗಿನ ವಾತಾವರಣ ಒಂದೇ ಹದದಲ್ಲಿ ಇರುತ್ತದೆ ಎಂದು ಮೊದಲು ಗಟ್ಟಿಯಾಗಿ ಹೇಳಿದವರು 19ನೇ ಶತಮಾನದ ಫ್ರೆಂಚ್ ವಿಜ್ಞಾನಿ ಕ್ಲಾಡ್ ಬರ್ನಾರ್ಡ್. ಅಮೆರಿಕದ ವಾಲ್ಟರ್ ಕ್ಯಾನನ್ 1926ರಲ್ಲಿ ಅದಕ್ಕೆ ಹೋಮಿಯೋಸ್ಟಾಸಿಸ್ ಎಂಬ ಹೆಸರು ಕೊಟ್ಟರು. ಹೆಸರು ದೊಡ್ಡದು, ವಿಷಯ ಸರಳ.

ಒಂದು ಮಾತು ಮಾತ್ರ ಮೊದಲೇ ತಲೆಗೆ ಹಾಕಿಕೊಳ್ಳಿ. ಹದ ಅಂದರೆ ಅಲುಗಾಡದೆ ಇರುವುದು ಅಂತ ಅಲ್ಲ. ತಲೆ ಮೇಲೆ ತುಂಬಿದ ಕೊಡ ಹೊತ್ತು ನಡೆಯುವ ಹೆಂಗಸರನ್ನು ನೋಡಿ. ಕೊಡ ನಿಂತಂತೆ ಕಾಣುತ್ತದೆ. ಆದರೆ ಕುತ್ತಿಗೆ, ಸೊಂಟ, ಹೆಜ್ಜೆ ಎಲ್ಲವೂ ಕ್ಷಣಕ್ಷಣಕ್ಕೂ ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ ತಿದ್ದಿಕೊಳ್ಳುತ್ತಾ ಇರುತ್ತವೆ. ಅವು ಸುಮ್ನೆ ನಿಂತರೆ ಕೊಡ ಬೀಳುತ್ತದೆ.

ಇದನ್ನೆಲ್ಲ ಅಳೆಯುವುದು ಯಾರು, ತಿದ್ದುವುದು ಯಾರು?

ಅಳೆಯುವ ಜಾಗಗಳು ಮೈತುಂಬ ಇವೆ. ಚರ್ಮದಲ್ಲಿ ಬಿಸಿ, ತಂಪು ತಿಳಿಯುವ ನರತುದಿಗಳಿವೆ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ಒತ್ತಡ ಅಳೆಯುವ ಜಾಗವಿದೆ. ಮೇದೋಜೀರಕ ಗ್ರಂಥಿ ಸಕ್ಕರೆ ಅಳೆಯುತ್ತದೆ. ಇಂಥ ಬಹಳಷ್ಟು ಸುದ್ದಿ ಹೋಗಿ ಸೇರುವುದು ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಬಾದಾಮಿ ಗಾತ್ರದ ಭಾಗಕ್ಕೆ.

ತಿದ್ದುವ ಆಜ್ಞೆ ಎರಡು ದಾರಿಯಲ್ಲಿ ಹೋಗುತ್ತದೆ. ನರಗಳ ದಾರಿ ಫೋನ್ ಮಾಡಿದಷ್ಟು ಬೇಗ. ಹಾರ್ಮೋನುಗಳ ದಾರಿ ಸ್ವಲ್ಪ ನಿಧಾನ, ಆದರೆ ಜಾಸ್ತಿ ಹೊತ್ತು ನಿಲ್ಲುತ್ತದೆ.

ಮೂರನೆಯ ದಾರಿ ಒಂದಿದೆ, ಅದನ್ನು ನಾವು ಮರೆಯುತ್ತೇವೆ. ಅದು ನೀವೇ! ದೇಹ ತನ್ನ ಕೈಲಾದಷ್ಟು ಮಾಡುತ್ತದೆ, ಉಳಿದದ್ದನ್ನು ನಿಮ್ಮ ಕೈಲಿ ಮಾಡಿಸುತ್ತದೆ. ಬಾಯಾರಿಕೆ ಅಂದರೆ ಏನು? ಕಿಡ್ನಿ ನೀರನ್ನು ಉಳಿಸಬಲ್ಲದು, ಹೊಸ ನೀರು ತರಲಾರದು. ಅದಕ್ಕೇ ಮಿದುಳು ನಿಮ್ಮನ್ನು ಎಬ್ಬಿಸಿ ಬಿಂದಿಗೆ ಹತ್ತಿರ ಕಳಿಸುತ್ತದೆ. ನೆರಳು ಹುಡುಕುವುದು, ಕಂಬಳಿ ಹೊದೆಯುವುದು, ಸುಸ್ತಾಗಿ ಕೂರುವುದು ಎಲ್ಲವೂ ಇದೇ ಲೆಕ್ಕಕ್ಕೆ ಸೇರಿದ್ದು.

ಹೊರಗೆ 43 ಡಿಗ್ರಿ ಇರುವಾಗ ಮೈ 37ರಲ್ಲೇ ಹೇಗೆ ಇರುತ್ತದೆ?

ನಮ್ಮೂರಿನ ಮಕ್ಕಳು ಕೇಳುವ ಮೊದಲ ಪ್ರಶ್ನೆಯೇ ಇದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ 42–43 ಡಿಗ್ರಿ ಹೊಸದೇನಲ್ಲ. ಸರ್ಕಾರಿ ಆಫೀಸುಗಳೇ ಈ ಭಾಗದಲ್ಲಿ ಬೆಳಗಿನ ಹೊತ್ತಿಗೆ ಸಮಯ ಬದಲಿಸಿಕೊಳ್ಳುತ್ತವೆ.

ಮೊದಲು ಒಂದು ಲೆಕ್ಕ. ಸುಮ್ನೆ ಕೂತ ಮನುಷ್ಯನೂ ಸುಮಾರು 100 ವಾಟಿನ ಹಳೇ ಬಲ್ಬಿನಷ್ಟು ಶಾಖ ಹೊರಹಾಕುತ್ತಾನೆ. ಈ ಶಾಖ ಹೊರಗೆ ಹೋಗಲೇಬೇಕು. ಗಾಳಿ 25 ಡಿಗ್ರಿ ಇದ್ದರೆ ತೊಂದರೆ ಇಲ್ಲ, ಚರ್ಮದಿಂದ ಗಾಳಿಗೆ ತಾನಾಗೇ ಹೋಗುತ್ತದೆ. ಬಿಸಿ ಏರಿದಾಗ ಹೈಪೊಥಲಾಮಸ್ ಚರ್ಮದ ರಕ್ತನಾಳಗಳನ್ನು ಅಗಲ ಮಾಡಿಸುತ್ತದೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬರುತ್ತದೆ. ಬಿಸಿಲಲ್ಲಿ ಆಡಿ ಬಂದ ಮಗುವಿನ ಕೆನ್ನೆ ಕೆಂಪಾಗುವುದು ಇದಕ್ಕೇ.

ಆದರೆ ಗಾಳಿಯೇ 43 ಡಿಗ್ರಿ ಇದ್ದರೆ? ಆಗ ಶಾಖ ಹೊರಗಿನಿಂದ ಒಳಕ್ಕೆ ಬರುತ್ತದೆ. ಉಳಿಯುವ ದಾರಿ ಒಂದೇ: ಬೆವರು. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಬೆವರು ಸುರಿದರೆ ಸಾಲದು, ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಐದು ಲೀಟರ್ ಐಸ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವುದಕ್ಕಿಂತ ಜಾಸ್ತಿ ಇದು.

ಮನೆಯ ಮಣ್ಣಿನ ಮಡಕೆಯೂ ಮಾಡುವುದು ಇದನ್ನೇ. ಹೊಸ ಮಡಕೆಯ ಹೊರಮೈ ಮುಟ್ಟಿ ನೋಡಿ, ತೇವ ಇರುತ್ತದೆ. ಒಳಗಿನ ನೀರು ಸಣ್ಣ ರಂಧ್ರಗಳಿಂದ ಹೊರಬಂದು ಆರುತ್ತಾ ಉಳಿದ ನೀರಿನ ಶಾಖವನ್ನು ಕೊಂಡೊಯ್ಯುತ್ತದೆ. ಒಮ್ಮೆ ಕ್ಲಾಸಿನಲ್ಲಿ ಎರಡು ಮಡಕೆ ಇಟ್ಟೆವು. ಒಂದಕ್ಕೆ ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಸುತ್ತಿದೆವು, ಇನ್ನೊಂದನ್ನು ಹಾಗೇ ಬಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಎರಡರಿಂದಲೂ ಕುಡಿದು ನೋಡಿದರು. ಕವರ್ ಸುತ್ತಿದ ಮಡಕೆಯ ನೀರು ತಣ್ಣಗಾಗಿರಲೇ ಇಲ್ಲ. "ಹಂಗಾರೆ ಪಾಲಿಯೆಸ್ಟರ್ ಅಂಗಿ ಹಾಕ್ಕೊಂಡ್ರೆ ನಮಗೂ ಹಿಂಗೇ ಆಗ್ತದ ಸಾರ್?" ಅಂತ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಆ ವರ್ಷದ ಅತಿ ಒಳ್ಳೆಯ ಪ್ರಶ್ನೆ ಅದು. ಹೌದು, ಬೆವರು ಆರಲು ಬಿಡದ ಬಟ್ಟೆ ಮಡಕೆಗೆ ಸುತ್ತಿದ ಕವರೇ.

ಮಂಗಳೂರಿನಲ್ಲಿ 34 ಡಿಗ್ರಿಯೇ ಇದ್ದರೂ ಜಾಸ್ತಿ ಹಿಂಸೆ ಯಾಕೆ?

ಅಲ್ಲಿನ ಗಾಳಿಯಲ್ಲಿ ಆಗಲೇ ತುಂಬಾ ನೀರಿನ ಆವಿ ಇದೆ. ಬೆವರು ಆರಲು ಜಾಗವಿಲ್ಲ. ಮೈಯಿಂದ ಹನಿಹನಿಯಾಗಿ ನೆಲಕ್ಕೆ ಬೀಳುತ್ತದೆ. ನೆಲಕ್ಕೆ ಬಿದ್ದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ನೀರೂ ಹೋಯ್ತು, ಉಪ್ಪೂ ಹೋಯ್ತು, ಲಾಭ ಸಿಗಲಿಲ್ಲ. ಫ್ಯಾನ್ ಹಾಕಿದರೆ ಮೈಗೆ ಅಂಟಿದ ತೇವದ ಗಾಳಿ ಸರಿದು ಸ್ವಲ್ಪ ಹಾಯೆನಿಸುತ್ತದೆ. ನಮ್ಮ ಕಡೆಯ ಒಣ ಬಿಸಿಲಲ್ಲಿ ಬೆವರು ಕಾಣುವುದೇ ಇಲ್ಲ, ಹುಟ್ಟಿದ ಕೂಡಲೇ ಆರುತ್ತದೆ. ಹಾಗಾಗಿ ಎಷ್ಟು ನೀರು ಹೋಗಿದೆ ಅಂತ ನಮಗೇ ಗೊತ್ತಾಗುವುದಿಲ್ಲ. ಸಂಜೆ ಅಂಗಿಯ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ನೋಡಿದಾಗಲೇ ಗೊತ್ತಾಗುವುದು.

ಬಿಸಿಲು ಅಭ್ಯಾಸ ಆಗುತ್ತದಾ?

ಆಗುತ್ತದೆ. ಒಂದೆರಡು ವಾರ ದಿನವೂ ಸ್ವಲ್ಪ ಸ್ವಲ್ಪ ಬಿಸಿಲಲ್ಲಿ ಕೆಲಸ ಮಾಡಿದರೆ ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ರಕ್ತದ ನೀರಿನಂಶವೂ ಏರುತ್ತದೆ. ಊರಿಗೆ ರಜೆಗೆ ಬಂದ ಬೆಂಗಳೂರಿನವರು ಮೊದಲ ದಿನವೇ ಹೊಲಕ್ಕೆ ಇಳಿದು ಒದ್ದಾಡುವುದು ಈ ತಯಾರಿ ಇಲ್ಲದ್ದಕ್ಕೆ. ಮೈ ಸೋಮಾರಿಯಾಗಿದೆ ಅಂತ ಬೈಯಬೇಡಿ. ಅದಕ್ಕೆ ಟೈಮ್ ಕೊಡಿ.

ಚಳಿಯಲ್ಲಿ ನಡುಕ, ಮೈಮೇಲೆ ಗುಳ್ಳೆ ಗುಳ್ಳೆ ಯಾಕೆ?

ನಡುಕ ಅಂದರೆ ಸ್ನಾಯುಗಳು ಶಾಖಕ್ಕಾಗಿಯೇ ಕೆಲಸ ಮಾಡುವುದು. ಅದರಿಂದ ಬೇರೆ ಯಾವ ಕೆಲಸವೂ ಆಗುವುದಿಲ್ಲ, ಬಿಸಿ ಮಾತ್ರ ಹುಟ್ಟುತ್ತದೆ. ಚರ್ಮದ ರಕ್ತನಾಳ ಕಿರಿದಾಗುತ್ತದೆ, ಬೆರಳು ತಣ್ಣಗಾಗುತ್ತದೆ. ಬೆರಳನ್ನು ಸ್ವಲ್ಪ ಬಿಟ್ಟುಕೊಟ್ಟು ದೇಹ ಹೃದಯ, ಮಿದುಳನ್ನು ಕಾಯುತ್ತದೆ. ಗುಳ್ಳೆಗಳು ಕೂದಲ ಬುಡದ ಸಣ್ಣ ಸ್ನಾಯು ಬಿಗಿದಾಗ ಏಳುತ್ತವೆ. ಬೆಕ್ಕಿಗೆ ಹೀಗೆ ರೋಮ ಎದ್ದರೆ ನಡುವೆ ಗಾಳಿ ನಿಂತು ಬೆಚ್ಚಗಾಗುತ್ತದೆ. ನಮ್ಮಲ್ಲಿ ರೋಮ ಅಷ್ಟಿಲ್ಲ, ಸ್ನಾಯು ಮಾತ್ರ ಉಳಿದಿದೆ.

ಹಸುಗೂಸುಗಳಿಗೆ ಸರಿಯಾಗಿ ನಡುಗಲು ಬರುವುದಿಲ್ಲ. ಅವುಗಳ ಕುತ್ತಿಗೆ, ಬೆನ್ನಿನ ಭಾಗದಲ್ಲಿ ಕಂದು ಕೊಬ್ಬು ಎಂಬ ವಿಶೇಷ ಕೊಬ್ಬಿದೆ, ಅದು ಉರಿದು ಶಾಖ ಕೊಡುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಅದೂ ಕಡಿಮೆ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ಡಾಕ್ಟರುಗಳು ಇಂಥ ಮಕ್ಕಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿದರು. ಇವತ್ತು ಕಾಂಗರೂ ಆರೈಕೆ ಅಂತ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಹೇಳಿಕೊಡುವುದು ಇದನ್ನೇ. ತಾಯಿಯ ಮೈಯ ಹದವೇ ಮಗುವಿನ ಹದವಾಗುತ್ತದೆ.

ಜ್ವರ ಬಂದಾಗ ಮೈ ಸುಡುತ್ತಿದ್ದರೂ ಚಳಿ ಯಾಕೆ?

ಜ್ವರದಲ್ಲಿ ದೇಹವೇ ಬೇಕೆಂದು ತನ್ನ ಗುರಿಯನ್ನು ಏರಿಸಿಕೊಂಡಿರುತ್ತದೆ. ಸೋಂಕು ತಗುಲಿದಾಗ ಹೊರಡುವ ರಾಸಾಯನಿಕಗಳು ಹೈಪೊಥಲಾಮಸ್‌ಗೆ "37 ಸಾಲದು, 39 ಮಾಡು" ಅನ್ನುತ್ತವೆ. ಆಗ 37ರಲ್ಲಿರುವ ಮೈ ಮಿದುಳಿನ ಲೆಕ್ಕದಲ್ಲಿ ತಣ್ಣಗಿರುವ ಮೈ. ಹಾಗಾಗಿ ನಡುಕ, ಹೊದಿಕೆ ಮೇಲೆ ಹೊದಿಕೆ. 39 ಮುಟ್ಟಿದ ಮೇಲೆ ಚಳಿ ನಿಲ್ಲುತ್ತದೆ. ಪ್ಯಾರಾಸಿಟಮಾಲ್ ಆ ರಾಸಾಯನಿಕಗಳಲ್ಲಿ ಒಂದನ್ನು ತಡೆದು ಗುರಿಯನ್ನು ಮತ್ತೆ 37ಕ್ಕೆ ಇಳಿಸುತ್ತದೆ. ಈಗ ಅದೇ 39 ಜಾಸ್ತಿ ಅನಿಸಿ ಬೆವರು ಕಿತ್ತುಕೊಂಡು ಬರುತ್ತದೆ. "ಬೆವರಿತು, ಜ್ವರ ಬಿಡ್ತು" ಅಂತ ಮನೆಯ ಹಿರಿಯರು ಹೇಳುವುದು ಸರಿಯಾಗೇ ಇದೆ.

ಬಿಸಿಲ ಹೊಡೆತ ಬೇರೆ. ಅಲ್ಲಿ ಗುರಿ 37ರಲ್ಲೇ ಇರುತ್ತದೆ, ತಂಪು ಮಾಡುವ ವ್ಯವಸ್ಥೆ ಸೋತಿರುತ್ತದೆ. ಅದಕ್ಕೇ ಪ್ಯಾರಾಸಿಟಮಾಲ್ ಅಲ್ಲಿ ಕೆಲಸ ಮಾಡುವುದಿಲ್ಲ, ತಣ್ಣೀರು ಮತ್ತು ಗಾಳಿಯೇ ಬೇಕು. ಈ ಎರಡರ ವ್ಯತ್ಯಾಸ ಗೊತ್ತಿದ್ದರೆ ಜೀವ ಉಳಿಯುತ್ತದೆ.

ಖಾರ ತಿಂದರೆ ಬೆವರುವುದು ಯಾಕೆ?

ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಿಮ್ಮ ನಾಲಿಗೆಯ ಬಿಸಿ ಅಳೆಯುವ ನರವನ್ನೇ ಒತ್ತುತ್ತದೆ. ಆ ನರದ ಬಾಗಿಲು ಸುಮಾರು 43 ಡಿಗ್ರಿ ಮೀರಿದ ಬಿಸಿಗೆ ತೆರೆಯುವಂಥದ್ದು. ಖಾರಕ್ಕೂ ತೆರೆಯುತ್ತದೆ. ಮಿದುಳಿಗೆ ಹೋಗುವ ಸುದ್ದಿ ಒಂದೇ: ಸುಡುತ್ತಿದೆ! ಮಿದುಳು ಬೆವರು ಬಿಡಿಸುತ್ತದೆ, ಮುಖ ಕೆಂಪಾಗಿಸುತ್ತದೆ, ಮೂಗಿನಲ್ಲಿ ನೀರು ತರಿಸುತ್ತದೆ. ಈ ಬಾಗಿಲನ್ನು 1997ರಲ್ಲಿ ಪತ್ತೆ ಮಾಡಿದ್ದು ಅಮೆರಿಕದ ಡೇವಿಡ್ ಜೂಲಿಯಸ್ ತಂಡ. 2021ರ ನೊಬೆಲ್ ಅವರಿಗೆ ಸಿಕ್ಕಿತು. ಸ್ಪರ್ಶದ ಬಾಗಿಲುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್ ಅವರ ಜೊತೆ ಹಂಚಿಕೊಂಡರು.

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಕ್ಯಾಪ್ಸೈಸಿನ್ ಕಡಿಮೆ. ಅದಕ್ಕೇ ಕೆಂಪಗೆ ಹೆದರಿಸಿದರೂ ಅಷ್ಟು ಬೆವರಿಸುವುದಿಲ್ಲ. ಖಾರ ಹತ್ತಿದಾಗ ನೀರಿಗಿಂತ ಮೊಸರು ಒಳ್ಳೆಯದು, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ.

"ಉಷ್ಣ ಆಗಿದೆ" ಅಂತಾರಲ್ಲ, ಅದು ನಿಜವಾ?

ಈ ಪ್ರಶ್ನೆಗೆ ನಗುವ ಮೇಷ್ಟ್ರುಗಳಿದ್ದಾರೆ. ನಾನು ನಗುವುದಿಲ್ಲ. ಪಪ್ಪಾಯಿ ತಿಂದರೆ, ಮಾವಿನಹಣ್ಣು ಜಾಸ್ತಿ ತಿಂದರೆ ಥರ್ಮಾಮೀಟರ್ ಏರುವುದಿಲ್ಲ, ಅದು ನಿಜ. ಎಳನೀರು ಕುಡಿದರೆ ಮೈಯ ಡಿಗ್ರಿ ಇಳಿಯುವುದೂ ಇಲ್ಲ. ಆದರೆ ನಮ್ಮವರು ಉಷ್ಣ ಅನ್ನುವಾಗ ಏನನ್ನು ನೋಡಿರುತ್ತಾರೆ ಕೇಳಿ. ಉರಿಮೂತ್ರ, ಬಾಯಿ ಒಣಗುವುದು, ಕಣ್ಣುರಿ, ಮಲಬದ್ಧತೆ. ಬೇಸಿಗೆಯಲ್ಲಿ ಇವುಗಳಲ್ಲಿ ಬಹಳಷ್ಟು ನೀರು ಸಾಲದ್ದಕ್ಕೆ ಬರುತ್ತವೆ. ಎಳನೀರು, ಮಜ್ಜಿಗೆ, ಅಂಬಲಿ ಕುಡಿದರೆ ಕಡಿಮೆಯಾಗುವುದೂ ಅದಕ್ಕೇ. ಉರಿಮೂತ್ರ ಎರಡು ದಿನದಲ್ಲಿ ಹೋಗದಿದ್ದರೆ ಅಥವಾ ಜ್ವರ ಬಂದರೆ ಮಾತ್ರ ಉಷ್ಣ ಅಂತ ಸುಮ್ನೆ ಕೂರಬೇಡಿ. ಸೋಂಕು ಇರಬಹುದು, ತೋರಿಸಿ.

ದಿನಕ್ಕೆ ಎಷ್ಟು ನೀರು ಕುಡಿಯಬೇಕು?

ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಹೊಲದಲ್ಲಿ ಕಳೆ ಕೀಳುವವರಿಗೂ ಏಸಿ ರೂಮಿನಲ್ಲಿ ಕೂರುವವರಿಗೂ ಒಂದೇ ಅಳತೆ ಹೇಗೆ ಆಗುತ್ತದೆ? ದೇಹ ಅಳೆಯುವ ರೀತಿ ನೋಡಿ. ನೀರು ಕಡಿಮೆಯಾದರೆ ರಕ್ತ ಉಪ್ಪುಪ್ಪಾಗುತ್ತದೆ. ಬರೀ ಶೇ. 1–2ರಷ್ಟು ಗಟ್ಟಿಯಾದರೂ ಮಿದುಳಿಗೆ ತಿಳಿಯುತ್ತದೆ. ಅದು ಎರಡು ಕೆಲಸ ಮಾಡುತ್ತದೆ: ನಿಮಗೆ ಬಾಯಾರಿಕೆ ತರುತ್ತದೆ (ನಮ್ಮ ಕಡೆ ನೀರಡಿಕೆ), ಕಿಡ್ನಿಗೆ ಹಾರ್ಮೋನ್ ಕಳಿಸಿ "ನೀರು ಬಿಡಬೇಡ" ಅನ್ನುತ್ತದೆ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಹೆಚ್ಚುಕಡಿಮೆ ಒಂದೂವರೆ ಲೀಟರ್ ಮಾತ್ರ ಹೊರಗೆ ಬಿಡುತ್ತವೆ. ಉಳಿದದ್ದೆಲ್ಲ ವಾಪಸ್ ರಕ್ತಕ್ಕೇ.

ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸಾಕಷ್ಟು ನೀರಿದೆ. ಚಹದ ಡಿಕಾಕ್ಷನ್ ಕಡೆಗೆ ಹೋಗುತ್ತಿದ್ದರೆ ಇನ್ನೂ ಬೇಕು. ವಿಟಮಿನ್ ಮಾತ್ರೆ ತಿಂದ ದಿನ ಬಣ್ಣ ನಂಬಬೇಡಿ. ಹಾಗಂತ ಪಂದ್ಯ ಕಟ್ಟಿ ನೀರು ಕುಡಿಯುವುದೂ ಅಪಾಯ. ಕಿಡ್ನಿ ಗಂಟೆಗೆ ಒಂದು ಲೀಟರಿಗಿಂತ ಜಾಸ್ತಿ ಹೊರಹಾಕುವುದು ಕಷ್ಟ. ರಕ್ತದ ಉಪ್ಪು ತೆಳುವಾಗಿ ಮಿದುಳು ಊದಿಕೊಳ್ಳಬಹುದು. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರ್ ಹೇಳಿದ ಅಳತೆಯೇ ಅಳತೆ.

ಭೇದಿ ಆದಾಗ ಬರೀ ನೀರು ಸಾಲದಾ? ಓಆರ್‌ಎಸ್ ಯಾಕೆ?

ಸಾಲದು. ನೀರಿನ ಜೊತೆ ಉಪ್ಪೂ ಹೋಗಿರುತ್ತದೆ. ಇನ್ನೊಂದು ಸೂಕ್ಷ್ಮ ಇದೆ, ನನಗೆ ಇಡೀ ಪಾಠದಲ್ಲಿ ಅತಿ ಇಷ್ಟವಾದದ್ದು. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ. ಉಪ್ಪಿನ ಸೋಡಿಯಂ, ಸಕ್ಕರೆಯ ಗ್ಲುಕೋಸ್ ಎರಡೂ ಜೊತೆಯಾಗಿ ಬಂದರೆ ಮಾತ್ರ ಅದು ಒಳಗೆ ಬಿಡುತ್ತದೆ. ಅವುಗಳ ಹಿಂದೆ ನೀರು ತಾನಾಗೇ ಹೋಗುತ್ತದೆ. ಕಾಲರಾದಂಥ ಭೇದಿಯಲ್ಲೂ ಈ ಬಾಗಿಲು ಕೆಟ್ಟಿರುವುದಿಲ್ಲ.

1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್‌ಗೆ ನಿರಾಶ್ರಿತರು ಬಂದು ತುಂಬಿದರು. ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಅಡುಗೆ ಸೋಡಾ, ಗ್ಲುಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಅವರಿಗೆ 2023ರಲ್ಲಿ ಪದ್ಮವಿಭೂಷಣ ಬಂತು, ಆಗ ಅವರು ಇರಲಿಲ್ಲ. ಆ ಹೆಸರನ್ನು ಪ್ರತಿ ಬ್ಯಾಚಿನ ಮಕ್ಕಳಿಗೂ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

ಪ್ಯಾಕೆಟ್ ಸಿಕ್ಕರೆ ಅದನ್ನೇ ಬಳಸಿ, ಅದರ ಮೇಲೆ ಬರೆದಷ್ಟೇ ನೀರು ಹಾಕಿ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು. ಸಕ್ಕರೆ ಜಾಸ್ತಿಯಾದರೆ ಭೇದಿ ಹೆಚ್ಚುತ್ತದೆ, ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ.

ಬಿಸಿ ಹಂಚು ಮುಟ್ಟಿದಾಗ ನೋವಿಗೆ ಮೊದಲೇ ಕೈ ಹೇಗೆ ಹಿಂದೆ ಬರುತ್ತದೆ?

ಆ ತೀರ್ಮಾನ ಮಿದುಳಿನಲ್ಲಿ ಆಗುವುದಿಲ್ಲ, ಬೆನ್ನುಹುರಿಯಲ್ಲೇ ಆಗುತ್ತದೆ. ಬೆರಳಿನ ಸುದ್ದಿ ಬೆನ್ನುಹುರಿಗೆ ಬಂದ ಕೂಡಲೇ ಅಲ್ಲಿಂದಲೇ ತೋಳಿನ ಸ್ನಾಯುವಿಗೆ ಆಜ್ಞೆ ಹೋಗುತ್ತದೆ. ಮಿದುಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಕೈ ಆಗಲೇ ಹೊರಟಿರುತ್ತದೆ. ಪಠ್ಯದಲ್ಲಿ ಇದಕ್ಕೆ ಪರಾವರ್ತಿತ ಪ್ರತಿಕ್ರಿಯೆ ಅಂತ ಹೆಸರು.

ನೋವು ಎರಡು ಸಲ ಬರುವುದನ್ನು ಗಮನಿಸಿದ್ದೀರಾ? ಮೊದಲು ಚುರುಕ್ ಅಂತ ಒಂದು. ಆಮೇಲೆ ನಿಧಾನಕ್ಕೆ ಉರಿ. ಚುರುಕ್ ತರುವ ನರ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಉರಿ ತರುವ ತೆಳು ನರ ಸೆಕೆಂಡಿಗೆ 2 ಮೀಟರ್ ಕೂಡ ದಾಟುವುದಿಲ್ಲ. ಬರಿಗಾಲಿಗೆ ಜಾಲಿ ಮುಳ್ಳು ಚುಚ್ಚಿದಾಗ ಇನ್ನೂ ಒಂದು ಚಂದ ನೋಡಿ. ಆ ಕಾಲು ಮೇಲೇಳುತ್ತದೆ, ಅದೇ ಕ್ಷಣ ಇನ್ನೊಂದು ಕಾಲು ಗಟ್ಟಿಯಾಗಿ ಊರಿಕೊಳ್ಳುತ್ತದೆ. ಇಲ್ಲದಿದ್ದರೆ ಬೀಳುತ್ತಿದ್ದಿರಿ. ಎರಡೂ ಆಜ್ಞೆ ಒಟ್ಟಿಗೇ ಹೊರಡುತ್ತವೆ.

ಮಿದುಳಿನ ದಾರಿ ಎಷ್ಟು ನಿಧಾನ ಅಂತ ಮನೆಯಲ್ಲೇ ಅಳೆಯಬಹುದು. 30 ಸೆಂಟಿಮೀಟರ್ ಸ್ಕೇಲನ್ನು ಒಬ್ಬರು ಮೇಲಿನಿಂದ ಹಿಡಿಯಲಿ. ನೀವು ಕೆಳತುದಿಯ ಸೊನ್ನೆಯ ಹತ್ತಿರ ಬೆರಳು ತೆರೆದಿಟ್ಟುಕೊಳ್ಳಿ, ಮುಟ್ಟಬೇಡಿ. ಅವರು ಹೇಳದೆ ಬಿಡಲಿ, ನೀವು ಹಿಡಿಯಿರಿ. 20 ಸೆಂಟಿಮೀಟರ್ ಹತ್ತಿರ ಹಿಡಿದರೆ ನಿಮಗೆ 0.2 ಸೆಕೆಂಡ್ ಬೇಕಾಯಿತು ಅಂತ ಲೆಕ್ಕ. ಆಮೇಲೆ ಕಿವಿಗೆ ಫೋನ್ ಹಿಡಿದು ಮಾತಾಡುತ್ತಾ ಹಿಡಿಯಿರಿ. ನನ್ನ ಕ್ಲಾಸಿನಲ್ಲಿ ಬಹಳಷ್ಟು ಮಕ್ಕಳ ಕೈಯಿಂದ ಸ್ಕೇಲ್ ಜಾರಿಯೇ ಹೋಯಿತು. ಬೈಕ್ ಓಡಿಸುವ ಅಣ್ಣಂದಿರಿಗೆ ಇದನ್ನು ಮಾಡಿಸಿ ಅಂತ ಮನೆಗೆ ಕಳಿಸಿದೆ.

ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುವುದು ಯಾಕೆ?

ಎದ್ದು ನಿಂತಾಗ ಅರ್ಧ ಲೀಟರಿಗೂ ಜಾಸ್ತಿ ರಕ್ತ ಕಾಲು, ಹೊಟ್ಟೆ ಕಡೆಗೆ ಇಳಿಯುತ್ತದೆ. ಕುತ್ತಿಗೆಯ ಒತ್ತಡ ಅಳೆಯುವ ಜಾಗಕ್ಕೆ ಗೊತ್ತಾಗಿ ಹೃದಯ ಬೇಗ ಬಡಿಯುತ್ತದೆ, ಕಾಲಿನ ರಕ್ತನಾಳ ಬಿಗಿಯುತ್ತವೆ. ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಎಲ್ಲ ಸರಿಹೋಗುತ್ತದೆ. ನೀರು ಕಡಿಮೆ ಇದ್ದರೆ, ವಯಸ್ಸಾಗಿದ್ದರೆ, ಕೆಲವು ಬಿಪಿ ಮಾತ್ರೆ ತಿನ್ನುತ್ತಿದ್ದರೆ ತಿದ್ದುವುದು ತಡವಾಗುತ್ತದೆ.

ಬಿಸಿಲಲ್ಲಿ ಅಲುಗಾಡದೆ ನಿಂತವರಿಗೂ ಇದೇ ಆಗುತ್ತದೆ. ಒಂದು ಧ್ವಜಾರೋಹಣದ ದಿನ ನನ್ನ ಎದುರಿನ ಸಾಲಿನ ಹುಡುಗಿಯ ಮುಖ ಬಿಳಿಚಿಕೊಂಡಿತು, ತುಟಿಯ ಮೇಲೆ ಬೆವರಿನ ಹನಿ ಮೂಡಿತು, ಕುಸಿದಳು. ಬೆಳಗ್ಗೆ ಏನೂ ತಿಂದಿರಲಿಲ್ಲ. ಇಬ್ಬರು ಓಡಿಬಂದು ರಟ್ಟೆ ಹಿಡಿದು ನಿಲ್ಲಿಸಲು ನೋಡಿದರು. ಅದೇ ತಪ್ಪು. ಬೀಳುವುದೇ ಅಲ್ಲಿ ಮದ್ದು, ಮಲಗಿದರೆ ರಕ್ತ ಮಿದುಳಿಗೆ ಸುಲಭವಾಗಿ ಹೋಗುತ್ತದೆ. ನೆಲದ ಮೇಲೆ ಮಲಗಿಸಿ ಕಾಲನ್ನು ಒಂದು ಸ್ಕೂಲ್ ಬ್ಯಾಗಿನ ಮೇಲೆ ಇಟ್ಟೆವು. ಒಂದು ನಿಮಿಷದಲ್ಲಿ ಕಣ್ಣು ಬಿಟ್ಟಳು. ಅವತ್ತಿನಿಂದ ಸಾಲಿನಲ್ಲಿ ನಿಂತ ಮಕ್ಕಳಿಗೆ ಹಿಮ್ಮಡಿ ಎತ್ತಿ ಇಳಿಸುತ್ತಾ ಇರಿ ಅಂತೇನೆ. ಮೀನಖಂಡದ ಸ್ನಾಯು ಬಿಗಿದಾಗೆಲ್ಲ ರಕ್ತ ಮೇಲಕ್ಕೆ ಹೋಗುತ್ತದೆ.

ಏಕಾದಶಿ ದಿನ ಏನೂ ತಿನ್ನದಿದ್ದರೂ ಷುಗರ್ ಲೋ ಆಗುವುದಿಲ್ಲವಲ್ಲ?

ನಿಮ್ಮ ಇಡೀ ರಕ್ತದಲ್ಲಿ ಇರುವ ಸಕ್ಕರೆ ಎಷ್ಟು ಹೇಳಿ? ಸುಮಾರು 4–5 ಗ್ರಾಂ, ಒಂದು ಟೀ ಚಮಚ. ಮಿದುಳು ಒಂದೇ ಅದನ್ನು ಗಂಟೆಯೊಳಗೆ ಮುಗಿಸಬಲ್ಲದು. ಆದರೂ ಚಮಚ ಖಾಲಿಯಾಗುವುದಿಲ್ಲ. ಊಟ ಆದಾಗ ಇನ್ಸುಲಿನ್ ಸಕ್ಕರೆಯನ್ನು ಲಿವರ್, ಸ್ನಾಯುಗಳಲ್ಲಿ ಕೂಡಿಡುತ್ತದೆ. ಉಪವಾಸದಲ್ಲಿ ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನ್ ಲಿವರಿನ ಕಣಜ ತೆರೆಸುತ್ತದೆ. ಅದೂ ತೀರುತ್ತಾ ಬಂದರೆ ಲಿವರ್ ಹೊಸದಾಗಿ ಗ್ಲುಕೋಸ್ ತಯಾರಿಸುತ್ತದೆ, ಕೊಬ್ಬು ಕರಗಿ ಬೇರೆ ಇಂಧನ ಕೊಡುತ್ತದೆ.

ಇನ್ಸುಲಿನ್ ಕಡಿಮೆಯಾದರೆ, ಅಥವಾ ಅದರ ಮಾತನ್ನು ಜೀವಕೋಶಗಳು ಕೇಳದಿದ್ದರೆ ಸಕ್ಕರೆ ಕಾಯಿಲೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸುವವರೆಗೆ ಟೈಪ್ 1 (ಇನ್ಸುಲಿನ್ ತಯಾರಾಗುವುದೇ ನಿಲ್ಲುವ ಬಗೆ) ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಉಪವಾಸಕ್ಕೆ ಮೊದಲು ಡಾಕ್ಟರನ್ನು ಕೇಳಲೇಬೇಕು. ಔಷಧಿ ತನ್ನ ಪಾಡಿಗೆ ಸಕ್ಕರೆ ಇಳಿಸುತ್ತದೆ, ನೀವು ಉಂಡಿರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಕೈನಡುಕ, ಬೆವರು, ಗೊಂದಲ ಬಂದು ಷುಗರ್ 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಉಸಿರು ಹಿಡಿದರೆ ಎದೆ ಒತ್ತುವುದು ಆಮ್ಲಜನಕ ಮುಗಿದಿದ್ದಕ್ಕಾ?

ಹೆಚ್ಚಾಗಿ ಅಲ್ಲ. ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ. ಅದು ಏರಿದರೆ ರಕ್ತ ಆಮ್ಲೀಯವಾಗುತ್ತದೆ, ಆ ಚಿಕ್ಕ ಪಿಎಚ್ ಕಿಂಡಿ ನೆನಪಿದೆಯಲ್ಲ? ಕೆರೆ, ಬಾವಿಯಲ್ಲಿ ಈಜುವ ಹುಡುಗರಿಗೆ ಒಂದು ಎಚ್ಚರಿಕೆ. ಮುಳುಗುವ ಮೊದಲು ಜೋರಾಗಿ ಹತ್ತಾರು ಸಲ ಉಸಿರಾಡಿ ಹೋಗಬೇಡಿ. ಡೈಆಕ್ಸೈಡ್ ಕಡಿಮೆಯಾಗಿ "ಮೇಲೆ ಬಾ" ಅನ್ನುವ ಗಂಟೆ ಹೊಡೆಯುವ ಮೊದಲೇ ಆಮ್ಲಜನಕ ಮುಗಿದು ನೀರೊಳಗೇ ಎಚ್ಚರ ತಪ್ಪುತ್ತದೆ.

ಘಾಟಿಯಲ್ಲಿ ಬಸ್ ಹತ್ತಿದರೆ ವಾಂತಿ ಯಾಕೆ?

ಒಳಕಿವಿಯ ಮೂರು ಸಣ್ಣ ಕೊಳವೆಗಳ ದ್ರವ "ತಿರುಗುತ್ತಿದ್ದೇವೆ" ಅನ್ನುತ್ತದೆ. ಮೊಬೈಲ್ ನೋಡುವ ಕಣ್ಣು "ಎಲ್ಲ ನಿಂತಿದೆ" ಅನ್ನುತ್ತದೆ. ಎರಡು ಸುದ್ದಿ ಹೊಂದದೆ ಹೊಟ್ಟೆ ತೊಳಸುತ್ತದೆ. ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಿ.

ದೇಹ ಯಾವಾಗಲೂ ಹಿಂದಕ್ಕೇ ಎಳೆಯುತ್ತದಾ?

ಬಹುಪಾಲು ಹೌದು. ಏರಿದ್ದನ್ನು ಇಳಿಸುತ್ತದೆ, ಇಳಿದದ್ದನ್ನು ಏರಿಸುತ್ತದೆ. ಹೆರಿಗೆಯಂಥ ಕೆಲವು ಮಾತ್ರ ಬೇರೆ. ಮಗುವಿನ ತಲೆ ಗರ್ಭದ ಬಾಯಿ ಒತ್ತಿದಷ್ಟೂ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಜಾಸ್ತಿ, ಅದು ಜಾಸ್ತಿಯಾದಷ್ಟೂ ನೋವು ಜಾಸ್ತಿ, ಒತ್ತಡ ಇನ್ನೂ ಜಾಸ್ತಿ. ಮಗು ಹೊರಬಂದಾಗಲೇ ಆ ಸುತ್ತು ನಿಲ್ಲುವುದು.

ಮನೆಯ ಹಿರಿಯರು "ನೀರಡಿಕೆಯೇ ಆಗಲ್ಲ" ಅಂತಾರೆ. ಬಿಟ್ಟುಬಿಡಬಹುದಾ?

ಬಿಡಬೇಡಿ. ಈ ಪುಟ ಬರೆದದ್ದೇ ಈ ಪ್ರಶ್ನೆಗಾಗಿ. ವಯಸ್ಸಾದಂತೆ ನೀರು ಕಡಿಮೆಯಾದರೂ ಬಾಯಾರಿಕೆಯ ಗಂಟೆ ಸಣ್ಣಗೆ ಹೊಡೆಯುತ್ತದೆ. ಬೆವರೂ ಕಡಿಮೆ. ಕಿಡ್ನಿ ನೀರು ಉಳಿಸುವುದೂ ಕಡಿಮೆ.

ನಮ್ಮಜ್ಜಿ ಒಂದು ಮೇ ತಿಂಗಳಲ್ಲಿ ಮೂರು ದಿನ "ಏನೂ ಬೇಡ" ಅಂತ ಜಗುಲಿಯ ಮೇಲೆ ಮಲಗಿದ್ದಳು. ನಾವು ವಯಸ್ಸಾಯ್ತು, ಸುಸ್ತು ಅಂದುಕೊಂಡೆವು. ನಾಲ್ಕನೇ ದಿನ ನನ್ನನ್ನು ನನ್ನ ಚಿಕ್ಕಪ್ಪನ ಹೆಸರಿನಿಂದ ಕರೆದಳು. ನಾಲಿಗೆ ನೋಡಿದರೆ ಒಣಗಿದ ಎಲೆಯ ಹಾಗೆ ಇತ್ತು. ಬೆಳಗಿನಿಂದ ಮೂತ್ರ ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ ಸಂಜೆ ಹೊತ್ತಿಗೆ ನನ್ನ ಹೆಸರು ಅವಳಿಗೆ ನೆನಪಾಯಿತು. ವಿಜ್ಞಾನ ಹೇಳಿಕೊಡುವ ನಾನೇ ಮೂರು ದಿನ ನೋಡುತ್ತಾ ಕೂತಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಕೇಳಬೇಡಿ, ಕೊಡಿ. "ನೀರು ಬೇಕಾ?" ಅಂದರೆ ಬೇಡ ಅಂತಾರೆ. ಸಣ್ಣ ಲೋಟದಲ್ಲಿ ಮಜ್ಜಿಗೆ, ಗಂಜಿ, ಪಾನಕ ಏನಾದರೂ ಗಂಟೆಗೊಮ್ಮೆ ಕೈಗೇ ಇಡಿ. ಷುಗರ್ ಇದ್ದವರಿಗೆ ಪಾನಕ ಬೇಡ. ನೀರು ಹೊರಹಾಕುವ ಮಾತ್ರೆ ತಿನ್ನುತ್ತಿದ್ದರೆ ಬೇಸಿಗೆಗೆ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ಬಿಸಿಲ ದಿನ ಯಾರಾದರೂ ತೊದಲಿದರೆ, ಗೊಂದಲಕ್ಕೆ ಬಿದ್ದರೆ, ಮೈ ಕಾದ ಹಂಚಿನಂತಿದ್ದರೆ ಬೆವರು ಇದೆಯಾ ಇಲ್ಲವಾ ಅಂತ ನೋಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ನೆರಳಿಗೆ ತಂದು, ಮೈತುಂಬ ನೀರು ಹಾಕಿ, ಬೀಸಣಿಗೆಯಿಂದ ಬೀಸುತ್ತಾ ಇರಿ.

ಅಜ್ಜಿ ಆಮೇಲೆ ನಾಲ್ಕು ಬೇಸಿಗೆ ಕಂಡಳು. ಜಗುಲಿಯ ಕಂಬಕ್ಕೆ ಒರಗಿಸಿದ ಮಣ್ಣಿನ ಹೂಜಿ, ಅದರ ಮೇಲೆ ಕವುಚಿದ ಹಿತ್ತಾಳೆ ಲೋಟ. ಶಾಲೆಯಿಂದ ಬಂದ ನನ್ನ ಮಗಳು ಬ್ಯಾಗ್ ಇಳಿಸುವ ಮೊದಲೇ ಹೂಜಿ ಎತ್ತಿ ನೋಡುತ್ತಿದ್ದಳು, ಎಷ್ಟು ಹಗುರ ಆಗಿದೆ ಅಂತ.